ಮುಂದಿನ ಮೂರು ತಿಂಗಳ ಆರ್ಡರ್: ತಯಾರಕರನ್ನೇ ಕೇಳಿ ಅಳೆಯುವ ಬಗೆ

(ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ಈ ಊರಿನಲ್ಲಿ ನಿಂತು ಕೈಗಾರಿಕೆಯ ಬಗ್ಗೆ ಮಾತನಾಡುವವರು ಗಾಜಿನಿಂದಲೇ ಶುರು ಮಾಡಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂದು ತಿಳಿದು ಬರಲು ಕಳಿಸಿದ. 1800–01ರ ಆ ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮತ್ತೋಡಿನ ಬಳೆಗಾಜು ಅದರಲ್ಲಿದೆ. ಊರಕೋಟೆಯ ಒಳಮೈಗೆ ಒತ್ತಿ ಕಟ್ಟಿದ ಕುಲುಮೆಗಳು, ನೆಲದ ಮೇಲೆ ಉಬ್ಬಿ ಬರುವ ಚೌಳು, ಬೆಣಚುಕಲ್ಲಿನ ಪುಡಿ, ಕಪ್ಪು ಹಸಿರು ಕೆಂಪು ನೀಲಿ ಹಳದಿ ಎಂಬ ಐದು ಬಣ್ಣಗಳು. ಮುಂದೆ ಬಿ. ಎಲ್. ರೈಸ್ ತನ್ನ ಮೈಸೂರು ಗ್ಯಾಸೆಟಿಯರ್‌ನಲ್ಲಿ ಈ ವಿವರಗಳನ್ನೇ ತೆಗೆದುಕೊಂಡ. ಹಳೆ ಮೈಸೂರಿನ ಕಸುಬುಗಳ ಚರಿತ್ರೆ ಬರೆಯುವ ಯಾರೂ ಮತ್ತೋಡನ್ನು ಬಿಟ್ಟು ಬರೆಯಲಾರರು.

ಬುಕಾನನ್ ಕೇಳಿದ್ದು ಏನು ಹಾಕುತ್ತೀರಿ, ಹೇಗೆ ಕಾಯಿಸುತ್ತೀರಿ ಎಂಬಂಥ ಪ್ರಶ್ನೆಗಳನ್ನು. ಮುಂದಿನ ಹಬ್ಬಕ್ಕೆ ಎಷ್ಟು ಬಳೆ ಹೋದೀತೆಂದು ನಿಮ್ಮ ಅಂದಾಜು ಎಂಬ ಪ್ರಶ್ನೆ ಆ ಕಾಲದ ಯಾವ ಸಮೀಕ್ಷೆಯ ಪಟ್ಟಿಯಲ್ಲೂ ಇರಲಿಲ್ಲ. ಆದರೆ ಕುಲುಮೆಯವನ ತಲೆಯಲ್ಲಿ ಆ ಪ್ರಶ್ನೆಯೇ ಇದ್ದಿರಬೇಕು. ಚೌಳು ಮೇಲೇಳುವುದು ನೆಲ ಒಣಗಿದಾಗ. ಬಳೆ ಬೇಕಾಗುವುದು ಗೌರಿಹಬ್ಬಕ್ಕೆ, ಮದುವೆಗೆ, ಸೀಮಂತಕ್ಕೆ, ಜಾತ್ರೆಗೆ. ಸೌದೆ ಕೂಡಿಡಬೇಕು, ಚೌಳು ಬಾಚಿಡಬೇಕು, ಆಮೇಲೆ ಬೆಂಕಿ. ಹೊತ್ತಿಸಿದ ಕುಲುಮೆಯನ್ನು ಗಿರಾಕಿ ಬರಲಿಲ್ಲವೆಂದು ನಡುವೆ ಆರಿಸಲಾಗದು. ಎಲ್ಲ ತಯಾರಕರ ಪಾಡೂ ಇದೇ: ಖರ್ಚು ಇಂದು, ಆರ್ಡರ್ ನಾಳೆ. ಆ ನಾಳೆಯ ಬಗ್ಗೆ ತಯಾರಕನ ಮನಸ್ಸಿನಲ್ಲಿರುವುದನ್ನು ಕೇಳಿ, ಒಟ್ಟುಗೂಡಿಸಿ, ಒಂದು ಅಂಕಿಯಾಗಿ ಮಾಡುವ ವಿದ್ಯೆಯೇ ಇವತ್ತಿನ ವಿಷಯ. ವಾಣಿಜ್ಯ ಪುಟದಲ್ಲಿ ತಿಂಗಳಿಗೊಮ್ಮೆ ‘ಪಿಎಂಐ ಏರಿಕೆ’, ‘ಉದ್ಯಮಿಗಳ ವಿಶ್ವಾಸ ಇಳಿಕೆ’ ಎಂದು ನೀವು ಓದುವುದು ಇದನ್ನೇ.

ಮೊದಲು ಒಂದು ಸೋಲಿನ ಕಥೆ ಹೇಳುತ್ತೇನೆ. 1920ರ ದಶಕದ ಕೊನೆಯಿಂದ ಅಮೆರಿಕದ ರೈಲ್ವೆಗಳ ವ್ಯವಸ್ಥೆಯಲ್ಲಿ, ಸರಕು ಕಳಿಸುವ ದೊಡ್ಡ ಕಂಪನಿಗಳು ಮುಂದಿನ ಮೂರು ತಿಂಗಳಿಗೆ ತಮಗೆ ಎಷ್ಟು ವ್ಯಾಗನ್ ಬೇಕೆಂದು ಮುಂಚೆಯೇ ತಿಳಿಸುತ್ತಿದ್ದವು. ತಮ್ಮದೇ ಸರಕು, ತಮ್ಮದೇ ಗಿರಾಕಿಗಳು. ಇವರಿಗಿಂತ ಚೆನ್ನಾಗಿ ಬಲ್ಲವರು ಯಾರು? 1953ರಲ್ಲಿ ರಾಬರ್ಟ್ ಫರ್ಬರ್ ಎಂಬ ವಿದ್ವಾಂಸ ಆ ಅಂದಾಜುಗಳನ್ನೂ ನಿಜವಾಗಿ ತುಂಬಿದ ವ್ಯಾಗನ್‌ಗಳ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಹಳೆಯ ಅಂಕಿಯನ್ನೇ ಯಾಂತ್ರಿಕವಾಗಿ ಮುಂದಕ್ಕೆ ಎಳೆದು ಮಾಡಿದ ಸಾದಾ ಲೆಕ್ಕ ಕಂಪನಿಗಳ ಅಂದಾಜಿಗಿಂತ ಮೇಲಾಗಿತ್ತು. ವ್ಯಾಪಾರ ಏರುವಾಗ ಅವರು ಕಡಿಮೆ ಹೇಳಿದ್ದರು, ಇಳಿಯುವಾಗ ಹೆಚ್ಚು ಹೇಳಿದ್ದರು. ಗಾಳಿ ತಿರುಗುವ ಹೊತ್ತಿನಲ್ಲೇ, ಅಂದರೆ ಅಂದಾಜು ಯಾವಾಗ ನಿಜವಾಗಿ ಬೇಕೋ ಆಗಲೇ, ಎಡವಿದ್ದರು.

ಇದರಿಂದ ಎರಡು ಪಾಠ ಕಲಿಯಬಹುದಿತ್ತು. ತಯಾರಕರನ್ನು ಕೇಳುವುದೇ ದಂಡ ಎಂಬುದು ಒಂದು. ಅವರಿಂದ ಅಂಕಿ ಕೇಳಬೇಡಿ, ದಿಕ್ಕು ಕೇಳಿ ಎಂಬುದು ಇನ್ನೊಂದು. ಜಗತ್ತು ಹಿಡಿದದ್ದು ಎರಡನೆಯದನ್ನು. ಜರ್ಮನಿಯ ಮ್ಯೂನಿಕ್‌ನಲ್ಲಿ 1949ರಲ್ಲಿ ಹುಟ್ಟಿದ ಇಫೋ ಸಂಸ್ಥೆ ಆ ಹೊತ್ತಿಗಾಗಲೇ ಆ ದಾರಿಯಲ್ಲಿತ್ತು. ಈಗ ಹೇಗಿದೆ, ಮುಂದಿನ ಆರು ತಿಂಗಳು ಹೇಗಿದ್ದೀತು ಎಂಬ ಎರಡು ಪ್ರಶ್ನೆ. ಪ್ರತಿಯೊಂದಕ್ಕೂ ಮೂರೇ ಉತ್ತರ. ಈಗಿನದಕ್ಕೆ ಚೆನ್ನಾಗಿದೆ, ಸಮಾಧಾನಕರ, ಕೆಟ್ಟದ್ದು; ಮುಂದಿನದಕ್ಕೆ ಉತ್ತಮ, ಇದ್ದಂತೆಯೇ, ಕೆಟ್ಟದ್ದು. ಜಪಾನಿನ ಕೇಂದ್ರ ಬ್ಯಾಂಕಿನ ‘ತಂಕನ್’ ಸಮೀಕ್ಷೆಯೂ ಅದೇ ಜಾಡಿನದು. ಭಾರತದಲ್ಲಿ ದೆಹಲಿಯ ರಾಷ್ಟ್ರೀಯ ಆನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ 1991ರಲ್ಲಿ ಉದ್ಯಮಿಗಳ ನಿರೀಕ್ಷೆ ಕೇಳತೊಡಗಿತು. ಅದು ಸಮೀಕ್ಷೆ ನಡೆಸುವ ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು. ರಿಸರ್ವ್ ಬ್ಯಾಂಕ್ 1998ರಿಂದ ಮೂರು ತಿಂಗಳಿಗೊಮ್ಮೆ ಕೈಗಾರಿಕಾ ಮುನ್ನೋಟ ಸಮೀಕ್ಷೆ ನಡೆಸುತ್ತ ಬಂದಿದೆ. 2005ರಿಂದ ಪಿಎಂಐ, ಅಂದರೆ ಖರೀದಿ ಅಧಿಕಾರಿಗಳ ಸೂಚ್ಯಂಕ, ಪ್ರತಿ ತಿಂಗಳೂ ಬರುತ್ತಿದೆ. ಸುಮಾರು 400 ತಯಾರಿಕಾ ಕಂಪನಿಗಳ ಖರೀದಿ ಅಧಿಕಾರಿಗಳು ಅದಕ್ಕೆ ಉತ್ತರ ಕೊಡುತ್ತಾರೆ.

ದಿಕ್ಕಿನಿಂದ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡೋಣ. ಸುದ್ದಿ ಓದುವವರು ದಾರಿ ತಪ್ಪುವುದು ಇಲ್ಲೇ. ನೂರು ತಯಾರಕರನ್ನು ಕೇಳಿದೆವು ಎಂದಿಟ್ಟುಕೊಳ್ಳಿ. ಮುಂದಿನ ಮೂರು ತಿಂಗಳಲ್ಲಿ ಆರ್ಡರ್ ಹೆಚ್ಚುತ್ತದೆ ಎಂದವರು 40, ಇದ್ದಂತೆಯೇ ಇರುತ್ತದೆ ಎಂದವರು 35, ಕುಗ್ಗುತ್ತದೆ ಎಂದವರು 25. ರಿಸರ್ವ್ ಬ್ಯಾಂಕ್ ಹೆಚ್ಚೆಂದವರಿಂದ ಕಡಿಮೆಯೆಂದವರನ್ನು ಕಳೆಯುತ್ತದೆ: ನಿವ್ವಳ ಉತ್ತರ 15. ಉತ್ಪಾದನೆ, ಆರ್ಡರ್, ದಾಸ್ತಾನು, ಲಾಭಾಂಶ, ಉದ್ಯೋಗ, ರಫ್ತು ಇಂಥ ಒಂಬತ್ತು ವಿಷಯಗಳ ನಿವ್ವಳ ಉತ್ತರಗಳಿಗೆ ತೂಕ ಕೊಟ್ಟು ಸೇರಿಸಿ, ಸೊನ್ನೆಯಿಂದ 200ರವರೆಗಿನ ಸೂಚ್ಯಂಕ ಮಾಡುತ್ತದೆ. ಅಲ್ಲಿ ನಡುಗೆರೆ 100. ಪಿಎಂಐ ರೀತಿ ಬೇರೆ. ಹೆಚ್ಚೆಂದವರಿಗೆ ಪೂರ್ತಿ, ಇದ್ದಂತೆಯೇ ಎಂದವರಿಗೆ ಅರ್ಧ ಅಂಕ: 40 ಮತ್ತು ಹದಿನೇಳೂವರೆ ಸೇರಿ 57.5. ಅಲ್ಲಿ ನಡುಗೆರೆ 50. ಅದೇ ನೂರು ಜನ, ಅದೇ ಮಾತು. ಒಂದು ಕಡೆ 15, ಇನ್ನೊಂದು ಕಡೆ 57.5, ಮತ್ತೊಂದು ಅಳತೆಗೋಲಿನಲ್ಲಿ 115. ಒಂದು ಸಮೀಕ್ಷೆಯ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವ ಲೇಖನ ಕಂಡರೆ ಪುಟ ತಿರುವಿ ಮುಂದಕ್ಕೆ ಹೋಗಿ.

ಇನ್ನೊಂದು ಸೂಕ್ಷ್ಮವಿದೆ. ಪಿಎಂಐ ಎಂಬ ತಲೆಬರಹದ ಅಂಕಿ ನಿರೀಕ್ಷೆಯದ್ದಲ್ಲ. ಅದರೊಳಗೆ ಹೊಸ ಆರ್ಡರಿಗೆ ಶೇ. 30 ತೂಕ, ಉತ್ಪಾದನೆಗೆ 25, ಉದ್ಯೋಗಕ್ಕೆ 20, ಪೂರೈಕೆ ಕೈಸೇರುವ ಅವಧಿಗೆ 15, ಕಚ್ಚಾಮಾಲಿನ ದಾಸ್ತಾನಿಗೆ 10. ಐದೂ ಹೋದ ತಿಂಗಳಿಗೆ ಹೋಲಿಸಿ ಈ ತಿಂಗಳು ಆದದ್ದನ್ನು ಹೇಳುತ್ತವೆ. ಮುಂದಿನ ಹನ್ನೆರಡು ತಿಂಗಳ ಉತ್ಪಾದನೆಯ ಬಗ್ಗೆ ಬೇರೆ ಪ್ರಶ್ನೆಯಿದೆ; ಅದರ ಉತ್ತರ ತಲೆಬರಹದ ಅಂಕಿಯೊಳಗೆ ಸೇರುವುದಿಲ್ಲ. ಆದರೂ ಹೊಸ ಆರ್ಡರ್ ಎಂಬ ಆ ಶೇ. 30ರ ಭಾಗ ಮುಂದಿನದನ್ನು ತಿಳಿಯಲು ನೇರ ನಿರೀಕ್ಷೆಗಿಂತ ಹೆಚ್ಚು ನಂಬಿಕೆಯದು ಎಂಬುದು ನನ್ನ ಎಣಿಕೆ. ಇಂದು ಬರೆಸಿಕೊಂಡ ಆರ್ಡರ್ ನಾಳೆ ಸರಕಾಗಲೇಬೇಕಲ್ಲ. ರೈತರನ್ನು ‘ಈ ಸಲ ಮಳೆ ಹೇಗೆ’ ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ. ‘ಶೇಂಗಾ ಬೀಜ ಎಷ್ಟು ಚೀಲ ತಂದಿಟ್ಟಿದ್ದೀರಿ’ ಎಂದರೆ ಅವರು ಕೊಡುವ ಉತ್ತರದಲ್ಲಿ ಮಳೆಯ ಮೇಲಿನ ನಂಬಿಕೆಯೂ ಕೈಯಲ್ಲಿರುವ ದುಡ್ಡೂ ಎರಡೂ ಸೇರಿರುತ್ತವೆ. ರಿಸರ್ವ್ ಬ್ಯಾಂಕ್ ಕೂಡ ಇದನ್ನು ಅರಿತಿದೆ. 2008ರಿಂದ ಅದು ಆರ್ಡರ್ ಪುಸ್ತಕ, ದಾಸ್ತಾನು ಮತ್ತು ಯಂತ್ರಸಾಮರ್ಥ್ಯದ ಬಳಕೆಯ ಬಗ್ಗೆ ಇನ್ನೊಂದು ಸಮೀಕ್ಷೆ ಮಾಡುತ್ತಿದೆ. ಅದರಲ್ಲಿ ಅಭಿಪ್ರಾಯ ಕೇಳುವುದಿಲ್ಲ, ಲೆಕ್ಕ ಕೇಳುತ್ತಾರೆ.

ಈ ಅಳತೆಗಳ ಬಲವೂ ಹುಳುಕೂ ಒಟ್ಟಿಗೆ ಕಂಡದ್ದು 2020ರ ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ. ಮಾರ್ಚ್‌ನಲ್ಲಿ 51.8 ಇದ್ದ ಭಾರತದ ತಯಾರಿಕಾ ಪಿಎಂಐ ಏಪ್ರಿಲ್‌ನಲ್ಲಿ 27.4ಕ್ಕೆ ಬಿತ್ತು. ಸಮೀಕ್ಷೆ ಶುರುವಾದಂದಿನಿಂದ ಅಷ್ಟು ಕೆಳಗೆ ಎಂದೂ ಇಳಿದಿರಲಿಲ್ಲ. ಆ ಏಪ್ರಿಲ್–ಜೂನ್ ಅವಧಿಯಲ್ಲಿ ಕಾರ್ಖಾನೆಗಳು ತಮ್ಮ ಸಾಮರ್ಥ್ಯದ ಶೇ. 47.3ರಷ್ಟನ್ನು ಮಾತ್ರ ಬಳಸಿದವು ಎಂದು ರಿಸರ್ವ್ ಬ್ಯಾಂಕಿನ ಲೆಕ್ಕ ಹೇಳಿತು. ಸರ್ಕಾರದ ಕೈಗಾರಿಕಾ ಉತ್ಪಾದನಾ ಸೂಚ್ಯಂಕದ ಏಪ್ರಿಲ್ ಅಂಕಿ ಹೊರಬಂದದ್ದು ಜೂನ್‌ನಲ್ಲಿ. ಪಿಎಂಐ ಮೇ ಮೊದಲ ವಾರದಲ್ಲೇ ಬಂದಿತ್ತು. ಒಂದು ತಿಂಗಳು ಮುಂಚೆ ತಿಳಿಯುವುದೇ ಸಮೀಕ್ಷೆಯ ದೊಡ್ಡ ಲಾಭ. ಇನ್ನು ಹುಳುಕು. ಮೇ ತಿಂಗಳ ಪಿಎಂಐ 30.8, ಜೂನ್‌ನದು 47.2. ಎರಡೂ 50ಕ್ಕಿಂತ ಕೆಳಗೆ. ನಿಯಮದ ಪ್ರಕಾರ ಓದಿದರೆ ಮೇ ತಿಂಗಳು ಏಪ್ರಿಲ್‌ಗಿಂತ ಕೆಟ್ಟದ್ದು, ಜೂನ್ ಮೇಗಿಂತ ಕೆಟ್ಟದ್ದು ಎಂದಾಗಬೇಕು. ಆದರೆ ಏಪ್ರಿಲ್‌ನಲ್ಲಿ ಬೀಗ ಹಾಕಿದ್ದ ಕಾರ್ಖಾನೆಗಳು ಮೇ, ಜೂನ್‌ನಲ್ಲಿ ಒಂದೊಂದಾಗಿ ತೆರೆಯುತ್ತಿದ್ದವು; ಸರ್ಕಾರದ ಉತ್ಪಾದನಾ ಸೂಚ್ಯಂಕ ಎರಡೂ ತಿಂಗಳು ಮೇಲೇರಿತ್ತು. ಹೋದ ತಿಂಗಳಿಗೆ ಹೋಲಿಸಿ ಎಂದು ಕೇಳಿದ ಪ್ರಶ್ನೆಗೆ ಬಹಳ ಮಂದಿ ‘ಮಾಮೂಲಿ ದಿನಗಳಿಗೆ’ ಹೋಲಿಸಿ ಉತ್ತರಿಸಿದಂತೆ ಕಾಣುತ್ತದೆ. ಸಹಜವೇ. ಏಪ್ರಿಲ್‌ನಲ್ಲಿ ಏನೂ ಮಾಡದೆ ಮೇ ತಿಂಗಳಲ್ಲಿ ನಾಲ್ಕಾಣೆ ಕೆಲಸ ಮಾಡಿದವನನ್ನು ‘ಹೆಚ್ಚಾಯಿತೇ’ ಎಂದರೆ ಹೌದೆನ್ನಲು ಬಾಯಿ ಬರುವುದಿಲ್ಲ. ಅಳತೆಗೋಲಿನಲ್ಲಿ ಮನುಷ್ಯರಿರುವಾಗ ಗೋಲು ಆಗಾಗ ಬಾಗುತ್ತದೆ.

ಅದೇ 27.4ನ್ನು ‘ಉತ್ಪಾದನೆ ಶೇ. 27ಕ್ಕೆ ಇಳಿಯಿತು’ ಎಂದು ಓದಿದವರೂ ಇದ್ದರು. ಎಷ್ಟು ಮಂದಿ ಇಳಿಕೆ ಕಂಡರು ಎಂಬುದಷ್ಟೇ ಆ ಅಂಕಿಯಲ್ಲಿದೆ. ಪ್ರತಿಯೊಬ್ಬರೂ ಎಷ್ಟು ಇಳಿದರು ಎಂಬುದು ಇಲ್ಲ. ಹತ್ತು ಚೀಲ ಕಡಿಮೆಯಾದವನೂ ಬಾಗಿಲು ಮುಚ್ಚಿದವನೂ ‘ಕಡಿಮೆ’ ಎಂಬ ಮನೆಗೇ ಗುರುತು ಹಾಕುತ್ತಾರೆ.

ಬಾಗಿಲು ಮುಚ್ಚಿದವನು ಎಂದೆ. ನಿಜವೆಂದರೆ ಅವನು ಗುರುತು ಹಾಕುವುದೇ ಇಲ್ಲ. ಇದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ, ಮತ್ತೋಡಿನ ಗಾಜನ್ನು ಮೊದಲಿಗೇ ಎತ್ತಿಕೊಂಡದ್ದೂ ಇದಕ್ಕೇ. ಇವತ್ತು ನಮ್ಮ ಹೆಣ್ಣುಮಕ್ಕಳ ಕೈಯಲ್ಲಿರುವ ಗಾಜಿನ ಬಳೆ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನದು. ಇಲ್ಲಿನ ಕುಲುಮೆಗಳು ಆರಿ ಎಷ್ಟೋ ಕಾಲವಾಯಿತು. ಆ ಕಸುಬು ಸೊರಗುತ್ತಿದ್ದ ದಶಕಗಳಲ್ಲಿ ಯಾರಾದರೂ ಮೂರು ತಿಂಗಳಿಗೊಮ್ಮೆ ಬಂದು ಉರಿಯುತ್ತಿದ್ದ ಕುಲುಮೆಗಳ ಒಡೆಯರನ್ನು ‘ಆರ್ಡರ್ ಹೆಚ್ಚೇ ಕಡಿಮೆಯೇ’ ಎಂದು ಕೇಳಿದ್ದರೆಂದು ಊಹಿಸಿ. ಒಂದು ಕುಲುಮೆ ನಿಂತರೆ ಅದರ ಗಿರಾಕಿ ಪಕ್ಕದ ಕುಲುಮೆಗೆ ಬರುತ್ತಾನೆ. ಪಕ್ಕದವನು ‘ಹೆಚ್ಚು’ ಎನ್ನುತ್ತಾನೆ, ಸುಳ್ಳೇನೂ ಅಲ್ಲ. ನಿಂತ ಕುಲುಮೆಯವನು ಪಟ್ಟಿಯಿಂದ ಹೊರಬಿದ್ದಿರುತ್ತಾನೆ, ಅವನನ್ನು ಕೇಳುವವರಿಲ್ಲ. ಹೀಗೆ ಕಸುಬು ಸಾಯುತ್ತಲೇ ಸೂಚ್ಯಂಕ ಗೆರೆಯ ಮೇಲೆ ನಿಂತಿರಬಹುದು. ಬದುಕಿರುವವರನ್ನಷ್ಟೇ ಕೇಳುವ ಅಳತೆ ಊರಿನ ಸ್ಥಿತಿಯನ್ನು ಹೇಳಬೇಕಾದರೆ, ಎಷ್ಟು ಮಂದಿ ಉತ್ತರಿಸಲಿಲ್ಲ, ಏಕೆ ಉತ್ತರಿಸಲಿಲ್ಲ ಎಂಬುದನ್ನೂ ಅದರ ಜೊತೆಯಲ್ಲೇ ಅಚ್ಚುಹಾಕಬೇಕು. ನಮ್ಮ ಪತ್ರಿಕೆಗಳು ಉತ್ತರಿಸದವರ ಲೆಕ್ಕವನ್ನು ಬಿಟ್ಟು ಸೂಚ್ಯಂಕವನ್ನಷ್ಟೇ ಕೊಡುತ್ತವೆ.

ತಯಾರಕರಲ್ಲಿ ಸಹಜವಾಗಿ ಇರುವ ಆಸೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಲ್ಲಿ ಈ ತ್ರೈಮಾಸಿಕ ಹೇಗಿದೆ ಎಂಬ ಉತ್ತರಕ್ಕಿಂತ ಮುಂದಿನ ತ್ರೈಮಾಸಿಕ ಹೇಗಿದ್ದೀತು ಎಂಬ ಉತ್ತರ ಸಾಮಾನ್ಯವಾಗಿ ಮೇಲಿರುತ್ತದೆ. ಮುಂದೆ ಚೆನ್ನಾಗಿರುತ್ತದೆ ಎಂದು ನಂಬದವನು ಸಾಲ ತಂದು ಯಂತ್ರ ಕೂರಿಸುತ್ತಿರಲಿಲ್ಲ. ಹಾಗಾಗಿ ನಿರೀಕ್ಷೆಯ ಸೂಚ್ಯಂಕ 100 ದಾಟಿದೆ ಎಂದು ಹಿಗ್ಗಬೇಕಾಗಿಲ್ಲ. ಅದನ್ನು ಅದರ ಹಿಂದಿನ ವರ್ಷಗಳ ಮಟ್ಟಕ್ಕೆ ಹೋಲಿಸಿ ನೋಡಬೇಕು. ಹಬ್ಬದ ಋತುವಿನ ಏರಿಳಿತ ಕಳೆದು ನೋಡಬೇಕು. ನಿರೀಕ್ಷೆ ಎತ್ತರದಲ್ಲೇ ಇದ್ದು ಕೈಯಲ್ಲಿರುವ ಆರ್ಡರ್ ಮಾತ್ರ ಇಳಿಯುತ್ತಿದ್ದರೆ ಆಗ ನಿಲ್ಲಬೇಕು. ಆ ಎರಡರ ನಡುವಿನ ಅಂತರ ಅಗಲವಾಗುವುದು ಎರಡರಲ್ಲಿ ಯಾವೊಂದು ಅಂಕಿಗಿಂತಲೂ ಹೆಚ್ಚು ಹೇಳುತ್ತದೆ.

ಸರಿ, ಇಷ್ಟೆಲ್ಲ ಕೇಳುವುದು ಯಾರನ್ನು? ರಿಸರ್ವ್ ಬ್ಯಾಂಕ್ ಕೇಳುವುದು ಪಬ್ಲಿಕ್ ಮತ್ತು ಪ್ರೈವೇಟ್ ಲಿಮಿಟೆಡ್ ಕಂಪನಿಗಳನ್ನು. ಪಿಎಂಐ ಕೇಳುವುದು ಖರೀದಿಗೆಂದೇ ಒಬ್ಬ ಅಧಿಕಾರಿಯನ್ನು ಇಟ್ಟುಕೊಳ್ಳಬಲ್ಲ ಕಂಪನಿಗಳನ್ನು. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ಬಡ್ಡಿದರ ಗೊತ್ತುಮಾಡುವಾಗ ಮುಂದಿಟ್ಟುಕೊಳ್ಳುವ ಕಾಗದಗಳಲ್ಲಿ ಈ ಉತ್ತರಗಳಿರುತ್ತವೆ. ಇನ್ನು ನಮ್ಮ ಚಿತ್ರದುರ್ಗ ಜಿಲ್ಲೆಯತ್ತ ನೋಡಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ, ನೇಯುವವನಿಗೆ ಪ್ರಶ್ನಾವಳಿ ಸಿಕ್ಕಿಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಗಳು, ಅಲ್ಲಿನ ಕಂಬಳಿ ಮಗ್ಗಗಳು, ಹೊಸದುರ್ಗ ಸೀಮೆಯ ತೆಂಗಿನ ನಾರು, ಹೊಳಲ್ಕೆರೆ ಕಡೆಯ ಅಡಿಕೆಯ ಸಣ್ಣ ಕಸುಬುಗಳು, ಇವುಗಳಲ್ಲಿ ಹೆಚ್ಚಿನವು ಕಂಪನಿಗಳೇ ಅಲ್ಲ. ನೋಂದಾಯಿತ ಕಂಪನಿಯಲ್ಲದ, ಕೃಷಿಯೂ ಅಲ್ಲದ ಘಟಕಗಳನ್ನು ಎಣಿಸುವ ಕೇಂದ್ರ ಸರ್ಕಾರದ ವಾರ್ಷಿಕ ಸಮೀಕ್ಷೆಯ 2023–24ರ ಲೆಕ್ಕದಲ್ಲಿ ದೇಶದಾದ್ಯಂತ 7.34 ಕೋಟಿ ಘಟಕಗಳಿದ್ದವು, ಅವುಗಳಲ್ಲಿ ದುಡಿಯುವವರು 12 ಕೋಟಿಗೂ ಹೆಚ್ಚು. ಅಂಗಡಿ, ಸೇವೆ, ತಯಾರಿಕೆ ಎಲ್ಲವೂ ಸೇರಿದ ಲೆಕ್ಕ ಇದು. ಅಲ್ಲಿ ಮುಖ್ಯವಾಗಿ ವಿಚಾರಿಸುವುದು ಆಗಿಹೋದದ್ದನ್ನು: ಎಷ್ಟು ದುಡಿದಿರಿ, ಎಷ್ಟು ಖರ್ಚು ಮಾಡಿದಿರಿ. ಬುಕಾನನ್ ಕೇಳಿದ ಹಾಗೆಯೇ.

ಸಣ್ಣವರನ್ನೂ ಕೇಳುವ ಪ್ರಯತ್ನ ನಡೆದೇ ಇಲ್ಲ ಎನ್ನಲಾರೆ. ಸಣ್ಣ ಕೈಗಾರಿಕೆಗಳ ಬ್ಯಾಂಕಾದ ಸಿಡ್ಬಿ ಮತ್ತು ರೇಟಿಂಗ್ ಸಂಸ್ಥೆ ಕ್ರಿಸಿಲ್ ಸೇರಿ 2018ರಲ್ಲಿ ‘ಕ್ರಿಸಿಡೆಕ್ಸ್’ ಎಂಬ ಸೂಚ್ಯಂಕ ಹೊರತಂದವು: ದೇಶದ ಸುಮಾರು 1,100 ಕಿರು ಮತ್ತು ಸಣ್ಣ ಘಟಕಗಳ ಉತ್ತರ, ಸೊನ್ನೆಯಿಂದ 200ರ ಅಳತೆ. ಒಳ್ಳೆಯ ಕೆಲಸ. ಆದರೆ 1,100 ಘಟಕಗಳನ್ನು ಇಡೀ ದೇಶಕ್ಕೆ ಹಂಚಿದರೆ ಒಂದು ಜಿಲ್ಲೆಯ ಪಾಲಿಗೆ ಎಷ್ಟು ಬಂದೀತು? ವಿಶ್ವೇಶ್ವರಯ್ಯನವರ ಕಾಲದಲ್ಲಿ 1911ರ ಮೈಸೂರು ಆರ್ಥಿಕ ಸಮ್ಮೇಳನವೂ 1916ರ ಮೈಸೂರು ವಾಣಿಜ್ಯ ಮಂಡಳಿಯೂ ಹುಟ್ಟಿದವು. ತಯಾರಕರ ಮಾತು ಸರ್ಕಾರದ ಕಿವಿಗೆ ಬೀಳಬೇಕೆಂಬ ಆಸೆ ಈ ರಾಜ್ಯಕ್ಕೆ ಹೊಸದಲ್ಲ.

ಸಣ್ಣವರ ಆರ್ಡರ್ ಎಷ್ಟು ಬೇಗ ತಿರುಗುತ್ತದೆ ಎನ್ನುವುದಕ್ಕೆ ಹತ್ತಿರದ ಉದಾಹರಣೆ ಅಡಿಕೆ ಹಾಳೆಯ ತಟ್ಟೆ. ಮಲೆನಾಡು, ಕರಾವಳಿ, ಅದರ ಅಂಚಿನ ತಾಲ್ಲೂಕುಗಳಲ್ಲಿ ಹಾಳೆ ತಟ್ಟೆ ಒತ್ತುವ ಸಣ್ಣ ಘಟಕಗಳು ಬೆಳೆದದ್ದು ಹೆಚ್ಚಾಗಿ ಹೊರದೇಶದ ಆರ್ಡರನ್ನು ನಂಬಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯ ಅಂಶ ಊಟಕ್ಕೆ ಸೇರಬಹುದು, ಅವುಗಳನ್ನು ಮಾರಬಾರದು ಎಂದು ಸಾರಿತು. ಹಾಳೆ ಬೇಸಿಗೆಯಲ್ಲೇ ಕೂಡಿಟ್ಟಾಗಿತ್ತು. ಏಪ್ರಿಲ್‌ನಲ್ಲಿ ಯಾರಾದರೂ ಬಂದು ಕೇಳಿದ್ದರೆ ‘ಹೆಚ್ಚು’ ಎಂದೇ ಗುರುತು ಹಾಕುತ್ತಿದ್ದರು. ಇಂಥ ಪೆಟ್ಟನ್ನು ಯಾವ ಸಮೀಕ್ಷೆಯೂ ಮುಂಚೆ ಹೇಳಲಾರದು, ಅದನ್ನು ಅದರಿಂದ ಬಯಸಲೂ ಬಾರದು. ಆದರೆ ಪೆಟ್ಟು ಬಿದ್ದ ಮೇಲೆ ಅದು ಯಾವ ಊರಿಗೆ, ಎಷ್ಟು ಮನೆಗೆ ತಾಗಿತು ಎಂದು ಮುಂದಿನ ಸುತ್ತಿನ ಉತ್ತರದಲ್ಲೇ ತಿಳಿಯುತ್ತಿತ್ತು. ಬ್ಯಾಂಕಿನವರು ಸಾಲದ ಕಂತು ಮುಂದಕ್ಕೆ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಆ ಉತ್ತರ ಸಾಕಾಗುತ್ತಿತ್ತು. ನಿರೀಕ್ಷೆಯ ಸಮೀಕ್ಷೆಯನ್ನು ನಾನು ಗೌರವಿಸುವುದು ಈ ಕಾರಣಕ್ಕೆ. ಅದು ಜ್ಯೋತಿಷ್ಯ ಹೇಳುವುದಿಲ್ಲ. ಗಿರಾಕಿ ಹಿಂದೆ ಸರಿದದ್ದನ್ನು ಬೇಗ ಹೇಳುತ್ತದೆ.

ಹೊಸದುರ್ಗ ತಾಲ್ಲೂಕಿಗೆ ಇಂಥದ್ದೊಂದನ್ನು ಮಾಡಲು ದೊಡ್ಡ ಸಂಸ್ಥೆ ಬೇಕಿಲ್ಲ. ವಾಣಿಜ್ಯ ಶಾಸ್ತ್ರ ಓದುವ ಕಾಲೇಜು ಮಕ್ಕಳಿದ್ದಾರೆ, ಸ್ವಸಹಾಯ ಸಂಘಗಳಿವೆ, ಎಲ್ಲರ ಕೈಯಲ್ಲೂ ಫೋನ್ ಇದೆ. ಮೂರು ಪ್ರಶ್ನೆ ಸಾಕು, ಮೂರೂ ಕನ್ನಡದಲ್ಲಿ. ಹೋದ ಮೂರು ತಿಂಗಳಿಗಿಂತ ಈಗ ಕೈಯಲ್ಲಿರುವ ಆರ್ಡರ್ ಹೆಚ್ಚೇ, ಅಷ್ಟೇನೇ, ಕಡಿಮೆಯೇ? ಮುಂದಿನ ಮೂರು ತಿಂಗಳಿಗೆಂದು ಕಚ್ಚಾಮಾಲು ಮಾಮೂಲಿಗಿಂತ ಹೆಚ್ಚು ತಂದಿಟ್ಟಿದ್ದೀರೇ, ಕಡಿಮೆಯೇ? ಗಿರಾಕಿಯಿಂದ ಬರಬೇಕಾದ ಹಣ ಹೇಳಿದ ದಿನಕ್ಕೆ ಬರುತ್ತಿದೆಯೇ? ಮೂರನೆಯದು ಮುಂದಿನ ಆರ್ಡರ್ ಬಗ್ಗೆ ಏನನ್ನೂ ಕೇಳದಂತೆ ಕಾಣುತ್ತದೆ. ಆದರೆ ದುಡ್ಡು ತಡಮಾಡತೊಡಗಿದ ಗಿರಾಕಿ ಮುಂದೆ ಆರ್ಡರನ್ನೂ ತಡಮಾಡುತ್ತಾನೆ, ಇದು ಸಣ್ಣ ತಯಾರಕರೆಲ್ಲ ಬಲ್ಲ ಮಾತು.

ಕೇಳುವವರು ಎರಡು ಕಟ್ಟಳೆ ಹಾಕಿಕೊಳ್ಳಬೇಕು. ಯಾರ ಹೆಸರೂ ಹೊರಬೀಳಬಾರದು. ಒಂದು ಕಸುಬಿನಲ್ಲಿ ಮೂವರೋ ನಾಲ್ವರೋ ಮಾತ್ರ ಇದ್ದರೆ ಆ ಕಸುಬಿನ ಅಂಕಿಯನ್ನು ಬೇರೆಯಾಗಿ ಪ್ರಕಟಿಸಲೇಬಾರದು. ಇಲ್ಲದಿದ್ದರೆ ಪಕ್ಕದವನ ವ್ಯಾಪಾರ ತಿಳಿಯಲು ಅದೇ ದಾರಿಯಾಗುತ್ತದೆ, ಎರಡನೆಯ ಸುತ್ತಿಗೆ ಯಾರೂ ನಿಜ ಹೇಳುವುದಿಲ್ಲ. ಇನ್ನೊಂದು, ಕಳೆದ ಸುತ್ತಿನಲ್ಲಿ ಉತ್ತರಿಸಿ ಈ ಸುತ್ತಿನಲ್ಲಿ ಸಿಗದವರ ಮನೆಗೆ ಹೋಗಿ ಬರಬೇಕು. ಕೆಲಸ ನಿಲ್ಲಿಸಿದ್ದರೆ ಯಾವ ತಿಂಗಳು ನಿಲ್ಲಿಸಿದರು ಎಂದು ಬರೆದುಕೊಳ್ಳಬೇಕು. ಮೊದಲ ಸುತ್ತನ್ನು ಗೌರಿಹಬ್ಬಕ್ಕೆ ಒಂದು ತಿಂಗಳು ಮುಂಚೆ ಇಟ್ಟುಕೊಂಡರೆ ಅನುಕೂಲ. ಆ ಹೊತ್ತಿಗೆ ದಸರೆ, ದೀಪಾವಳಿಯ ಸರಕಿಗೆ ಮುಂಗಡ ಬಂದಿದೆಯೋ ಇಲ್ಲವೋ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.